ಚಿಕ್ಕಮಗಳೂರಿನ ಕಣದಿಂದ ಜೆಬೆಲ್ ಅಲಿ ಬಂದರಿಗೆ: ಕಾಫಿ ರಫ್ತಿನ ಸಮಗ್ರ ಮಾರ್ಗದರ್ಶಿ

20 ಅಡಿಯ ಒಂದು ಕಂಟೈನರ್‌ಗೆ 60 ಕೆ.ಜಿ.ಯ 320 ಮೂಟೆ ಕಾಫಿ ಹಿಡಿಯುತ್ತದೆ. ಅಂದರೆ 19.2 ಟನ್. ದುಬೈಗೆ ಕಾಫಿ ಕಳಿಸಬೇಕೆಂದು ಹೊರಟವರು ಮೊದಲು ಈ ಅಂಕಿಯಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಪಾರ್ಚ್‌ಮೆಂಟ್ ಅಂದರೆ ಹಣ್ಣಿನ ತಿರುಳು ತೆಗೆದು ಒಣಗಿಸಿದ, ಒಳಸಿಪ್ಪೆ ಇನ್ನೂ ಇರುವ ಬೀಜ. ಅರೇಬಿಕಾ ಪಾರ್ಚ್‌ಮೆಂಟಿನ ಆ ಸಿಪ್ಪೆ ಹೋದ ಮೇಲೆ ನೂರಕ್ಕೆ ಸುಮಾರು 80 ಪಾಲು ಕ್ಲೀನ್ ಕಾಫಿ, ಅಂದರೆ ಹುರಿಯಲು ಸಿದ್ಧವಾದ ಬೀಜ, ಉಳಿಯುತ್ತದೆ. ಹಾಗಾದರೆ 19.2 ಟನ್‌ಗೆ 24 ಟನ್ ಪಾರ್ಚ್‌ಮೆಂಟ್ ಬೇಕು. ನಮ್ಮ ಕಡೆಯ ಲೆಕ್ಕದಲ್ಲಿ 50 ಕೆ.ಜಿ.ಯ 480 ಮೂಟೆ. ಇಷ್ಟಕ್ಕೇ ಲೆಕ್ಕ ಮುಗಿಯಿತೆಂದುಕೊಂಡರೆ ಮೋಸ ಹೋದಂತೆ. ಖರೀದಿದಾರ ಕೇಳುವುದು ಪ್ಲಾಂಟೇಷನ್ ಎ, ಅಂದರೆ ದೊಡ್ಡ ಕಾಳಿನ ಮೇಲ್ದರ್ಜೆ, ಮಾತ್ರ. ಸಿಪ್ಪೆ ತೆಗೆದು ದರ್ಜೆ ವಿಂಗಡಿಸುವ ಕ್ಯೂರಿಂಗ್ ಯಂತ್ರದಿಂದ ಹೊರಬರುವುದು ಎ, ಬಿ, ಸಿ, ಪೀಬೆರಿ (ಒಂಟಿ ಗುಂಡು ಕಾಳು), ಬಿಟ್ಸ್ (ಒಡೆದ ಚೂರು) ಎಲ್ಲವೂ. ಎ ಅರ್ಧ ಪಾಲು ಬಂತೆಂದುಕೊಂಡರೂ ಒಂದು ಕಂಟೈನರ್ ತುಂಬಲು 960 ಮೂಟೆ ಪಾರ್ಚ್‌ಮೆಂಟ್ ಬೇಕು, ಮಿಕ್ಕ 19.2 ಟನ್‌ಗೆ ಬೇರೆ ಗಿರಾಕಿ ಹುಡುಕಬೇಕು. ಹೊಸಬರ ರಫ್ತು ಸೋಲುವುದು ಬಹುಪಾಲು ಇಲ್ಲಿಯೇ: ಎ ದರ್ಜೆಗೆ ಸಿಕ್ಕ ಒಳ್ಳೆಯ ಬೆಲೆಯನ್ನು ಉಳಿದ ದರ್ಜೆಗಳು ಗೋದಾಮಿನಲ್ಲಿ ಕೂತು ತಿಂದುಹಾಕುತ್ತವೆ.

ಆದ್ದರಿಂದ ಈ ಮಾರ್ಗದರ್ಶಿ ಬೇಸಾಯಗಾರನೊಬ್ಬನೇ ನಿಭಾಯಿಸುವ ಕೆಲಸವೆಂದು ಹೇಳುವುದಿಲ್ಲ. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ, ಬೇಲೂರು ಕಡೆಯ ಹತ್ತಾರು ಬೆಳೆಗಾರರು ಸೇರಿದ ಉತ್ಪಾದಕರ ಕಂಪನಿ, ಅಥವಾ ಈಗಾಗಲೇ ಸ್ಥಳೀಯವಾಗಿ ಪಾರ್ಚ್‌ಮೆಂಟ್ ಕೊಂಡು ಕ್ಯೂರಿಂಗ್ ಮಾಡಿಸಿ ಮಾರುತ್ತಿರುವ ವ್ಯಾಪಾರಿ, ಇವರಿಗೆ ಇದು ಹೊಂದುತ್ತದೆ.

ಅಲ್ಲಿ ಕೊಳ್ಳುವವರು ಯಾರು

ಸಂಯುಕ್ತ ಅರಬ್ ಎಮಿರೇಟ್ಸ್ ತೈಲ ಮಾರುವ ದೇಶ, ಕಾಫಿ ಬೆಳೆಯುವ ದೇಶವಲ್ಲ. ಕುಡಿಯುವುದೆಲ್ಲ ಹೊರಗಿನದು. ಜೊತೆಗೆ ತಾನು ಕೊಂಡದ್ದನ್ನು ಮತ್ತೆ ಬೇರೆ ದೇಶಕ್ಕೆ ಸಾಗಿಸುವ ದಲ್ಲಾಳಿ ದೇಶವೂ ಹೌದು. ದುಬೈನ ಜೆಬೆಲ್ ಅಲಿ ಬಂದರಿನ ಮುಕ್ತ ವಲಯದಲ್ಲಿ ದುಬೈ ಮಲ್ಟಿ ಕಮಾಡಿಟೀಸ್ ಸೆಂಟರ್ 2019ರಲ್ಲಿ ಕಾಫಿಗೆಂದೇ ಕೇಂದ್ರ ತೆರೆದದ್ದು ಇದಕ್ಕಾಗಿ. ಯೆಮನ್‌ನ ಮೋಕಾದಿಂದ ಬಾಬಾ ಬುಡನ್ ತಂದರೆಂದು ಹೇಳುವ ಏಳು ಬೀಜಗಳ ಸಂತತಿ ಮತ್ತೆ ಅದೇ ದಿಕ್ಕಿಗೆ ಹಡಗು ಹತ್ತುತ್ತಿದೆ ಎನ್ನಬಹುದು.

ಗಿರಾಕಿಗಳನ್ನು ಮೂರು ಬಗೆಯಾಗಿ ನೋಡಿ. ಮೊದಲನೆಯವರು ಗಹ್ವಾಕ್ಕೆ ಹುರಿಯುವವರು. ಗಹ್ವಾ ಅಂದರೆ ತೀರ ತೆಳುವಾಗಿ ಹುರಿದು, ಏಲಕ್ಕಿ ಹಾಕಿ ಕುದಿಸುವ ಅರಬ್ಬರ ಕಾಫಿ. ಎಳೆಯ ಹುರಿತದಲ್ಲಿ ಬೀಜದ ಯಾವ ದೋಷವೂ ಮುಚ್ಚಿಹೋಗುವುದಿಲ್ಲ; ಕಪ್ಪು ಕಾಳು, ಹುಳಿ ಕಾಳು ನಾಲಿಗೆಗೆ ನೇರವಾಗಿ ಸಿಗುತ್ತದೆ. ಎರಡನೆಯವರು ಸ್ಪೆಷಾಲಿಟಿ ರೋಸ್ಟರ್‌ಗಳು: ಸಣ್ಣ ಲಾಟ್, ತೋಟದ ಹೆಸರು, ಕಪ್ ಸ್ಕೋರ್, ಅಂದರೆ ರುಚಿ ಪರೀಕ್ಷೆಯ ಅಂಕ, ಕೇಳುತ್ತಾರೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎಂಬ ಹೆಸರುಗಳಿಗೆ ಬೆಲೆ ಇರುವುದು ಇವರ ಹತ್ತಿರ. ಮೂರನೆಯವರು ನಮ್ಮವರೇ: ಫಿಲ್ಟರ್ ಕಾಫಿ ಬೇಕೆನ್ನುವ ದಕ್ಷಿಣ ಭಾರತದ ಹೋಟೆಲುಗಳಿಗೆ ಸರಬರಾಜು ಮಾಡುವ ಸಗಟು ವ್ಯಾಪಾರಿಗಳು. ಪೀಬೆರಿಗೂ ಒಳ್ಳೆಯ ರೊಬಸ್ಟಾಕ್ಕೂ ಇವರಲ್ಲಿ ಜಾಗವಿದೆ. ಎ ದರ್ಜೆಯನ್ನು ರೋಸ್ಟರ್‌ಗೆ, ಪೀಬೆರಿ ಮತ್ತು ಬಿ ದರ್ಜೆಯನ್ನು ಸಗಟಿನವನಿಗೆ, ಬಿಟ್ಸನ್ನು ಇಲ್ಲಿನ ಪುಡಿ ಅಂಗಡಿಗೆ ಎಂದು ಮೊದಲೇ ಹಂಚಿಟ್ಟುಕೊಂಡರೆ ಮೇಲಿನ ಲೆಕ್ಕ ಕೂಡಿಬರುತ್ತದೆ.

ಒಮ್ಮೆ ಮಾಡಿಸಿಟ್ಟುಕೊಳ್ಳುವ ಕಾಗದ

ಇದು ಬೇಸರದ ಭಾಗ, ಕಷ್ಟದ್ದಲ್ಲ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಆನ್‌ಲೈನ್ ಪೋರ್ಟಲ್‌ನಲ್ಲಿ ಆಮದು-ರಫ್ತು ಸಂಕೇತ ಸಂಖ್ಯೆ, ಐಇಸಿ, ತೆಗೆದುಕೊಳ್ಳಿ. ಶುಲ್ಕ 500 ರೂಪಾಯಿ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಏನೂ ಬದಲಾಗದಿದ್ದರೂ ಅದನ್ನು ತೆರೆದು ದೃಢೀಕರಿಸಬೇಕು. ಮರೆತರೆ ಸಂಖ್ಯೆ ನಿಷ್ಕ್ರಿಯವಾಗುತ್ತದೆ, ಅದು ಗೊತ್ತಾಗುವುದು ಕಂಟೈನರ್ ಬಂದರಿನಲ್ಲಿ ನಿಂತಾಗ. ಕಾಫಿ ಬೋರ್ಡ್‌ನಲ್ಲಿ ರಫ್ತುದಾರರಾಗಿ ನೋಂದಾಯಿಸಿ ಆರ್‌ಸಿಎಂಸಿ (ನೋಂದಣಿ-ಸದಸ್ಯತ್ವ ಪ್ರಮಾಣಪತ್ರ) ಪಡೆಯಿರಿ. ಅದಿಲ್ಲದೆ ಮುಂದಿನ ಯಾವ ಪರ್ಮಿಟ್ಟೂ ಇಲ್ಲ. ಬ್ಯಾಂಕಿನಿಂದ ಎಡಿ ಕೋಡ್, ಅಂದರೆ ವಿದೇಶಿ ಹಣ ಪಡೆಯುವ ಶಾಖೆಯ ಗುರುತು ಸಂಖ್ಯೆಯ, ಪತ್ರ ಪಡೆದು ನೀವು ಬಳಸುವ ಬಂದರಿಗೆ ಕಸ್ಟಮ್ಸ್‌ನ ಐಸ್‌ಗೇಟ್ ಪೋರ್ಟಲ್‌ನಲ್ಲಿ ನೋಂದಾಯಿಸಿ. ಮಂಗಳೂರಿಗೆ ಮಾಡಿಸಿ ಕೊಚ್ಚಿಯಿಂದ ಕಳಿಸಲು ಹೊರಟರೆ ಅಲ್ಲಿಗೂ ನೋಂದಣಿ ಆಗಿದೆಯೇ ಎಂದು ಮೊದಲು ನೋಡಿಕೊಳ್ಳಿ. ಜಿಎಸ್‌ಟಿಯಲ್ಲಿ ಆರ್‌ಎಫ್‌ಡಿ-11 ನಮೂನೆಯ ಎಲ್‌ಯುಟಿ, ಅಂದರೆ ತೆರಿಗೆ ಕಟ್ಟದೆ ರಫ್ತು ಮಾಡಲು ಬರೆದುಕೊಡುವ ಮುಚ್ಚಳಿಕೆ, ಸಲ್ಲಿಸಿ. ಇದು ಒಂದು ಹಣಕಾಸು ವರ್ಷಕ್ಕೆ ಮಾತ್ರ, ಹೊಸ ವರ್ಷದ ಮೊದಲ ರಫ್ತಿಗೆ ಮುಂಚೆ ಮತ್ತೆ ಬೇಕು. ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿಯೂ ಕೈಯಲ್ಲಿರಲಿ.

ಬಂದರಿನಲ್ಲಿ ನಿಮ್ಮ ಪರವಾಗಿ ಕಾಗದ ನಡೆಸುವ ಕಸ್ಟಮ್ಸ್ ಹೌಸ್ ಏಜೆಂಟನ್ನು ಆಯ್ಕೆ ಮಾಡುವಾಗ ದರಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳಿ: ಕಾಫಿ ಲೋಡ್ ಎಷ್ಟು ಮಾಡಿದ್ದೀರಿ? ಗೋಡಂಬಿ, ಗ್ರಾನೈಟ್ ಮಾಡಿದವರು ಬುದ್ಧಿವಂತರೇ, ಆದರೆ ಕಾಫಿ ಬೋರ್ಡಿನ ಪರ್ಮಿಟ್ಟಿಗೂ ಕಸ್ಟಮ್ಸ್‌ಗೆ ಸಲ್ಲಿಸುವ ರಫ್ತು ಘೋಷಣೆಯಾದ ಶಿಪ್ಪಿಂಗ್ ಬಿಲ್ಲಿಗೂ ಇರುವ ಗಂಟು ಅವರಿಗೆ ಹೊಸದಾದರೆ ನಿಮ್ಮ ಖರ್ಚಿನಲ್ಲಿ ಕಲಿಯುತ್ತಾರೆ.

ಕಣ ಮತ್ತು ಕ್ಯೂರಿಂಗ್

ರಫ್ತಿನ ಗುಣಮಟ್ಟ ನಿರ್ಧಾರವಾಗುವುದು ನವೆಂಬರ್‌ನಿಂದ ಮಾರ್ಚ್‌ವರೆಗೆ, ತೋಟದ ಕಣದಲ್ಲಿ. ಆಮೇಲೆ ಯಾರೂ ಅದನ್ನು ಹೆಚ್ಚಿಸಲಾರರು, ಕೆಡಿಸಬಲ್ಲರು ಅಷ್ಟೆ. ಪಾರ್ಚ್‌ಮೆಂಟಿನ ತೇವಾಂಶ ಶೇ. 10, ಅರೇಬಿಕಾ ಚೆರ್ರಿಯದು (ಹಣ್ಣನ್ನು ಇಡಿಯಾಗಿ ಒಣಗಿಸಿದ್ದು) 10.5, ರೊಬಸ್ಟಾ ಚೆರ್ರಿಯದು 11ಕ್ಕೆ ಇಳಿಯುವವರೆಗೆ ಒಣಗಬೇಕು. ಮೀಟರ್ ಇಲ್ಲದವರಿಗೆ ಹಳೆಯ ಫೋರ್ಲಿಟ್ ಲೆಕ್ಕ ಇದ್ದೇ ಇದೆ: 40 ಲೀಟರ್ ಅಳತೆ ತುಂಬಿ ತೂಗಿ, ಎರಡು ದಿನ ಒಂದೇ ತೂಕ ಬಂದರೆ ಒಣಗಿದೆ ಎಂದರ್ಥ. ರಫ್ತಿಗೆ ಹೋಗುವ ಲಾಟ್‌ಗೆ ಮಾತ್ರ ಮೀಟರ್ ಓದನ್ನೂ ಬರೆದಿಡಿ. ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ 420ನೇ ನಿರ್ಣಯದ ಗುರಿ ಪ್ರಕಾರ ಕ್ಲೀನ್ ಕಾಫಿಯ ತೇವಾಂಶ ಶೇ. 8ಕ್ಕಿಂತ ಕಡಿಮೆಯೂ 12.5ಕ್ಕಿಂತ ಹೆಚ್ಚೂ ಇರಬಾರದು. 300 ಗ್ರಾಂ ಮಾದರಿಯಲ್ಲಿ ಅರೇಬಿಕಾಕ್ಕೆ 86, ರೊಬಸ್ಟಾಕ್ಕೆ 150 ದೋಷ ಮೇಲ್ಮಿತಿ. ಇದು ಕನಿಷ್ಠ ಗೆರೆ. ಗಹ್ವಾ ಹುರಿಯುವವನು ಇದಕ್ಕಿಂತ ಬಹಳ ಕಮ್ಮಿ ದೋಷ ಕೇಳುತ್ತಾನೆ.

12.5ರ ಹತ್ತಿರ ಇರುವ ಕಾಫಿಯನ್ನು ಹಡಗಿಗೆ ಹತ್ತಿಸಬೇಡಿ. ಮಂಗಳೂರು ಬಂದರಿರುವ ಪಣಂಬೂರಿನ ಸೆಕೆಯಲ್ಲಿ ನಿಂತ ಪೆಟ್ಟಿಗೆ ಕೊಲ್ಲಿಯ ಬಿಸಿಲಲ್ಲಿ ಹಗಲು ಕಾಯುತ್ತದೆ, ರಾತ್ರಿ ತಣಿಯುತ್ತದೆ. ಬೀಜದಿಂದ ಹೊರಟ ಆವಿ ತಗಡಿನ ಚಾವಣಿಗೆ ತಾಗಿ ಹನಿಯಾಗಿ ಮೇಲಿನ ಸಾಲಿನ ಮೂಟೆಗಳ ಮೇಲೆ ಬೀಳುತ್ತದೆ. ಅಲ್ಲಿಂದ ಬೂಷ್ಟು, ಬೂಷ್ಟಿನಿಂದ ಓಕ್ರಾಟಾಕ್ಸಿನ್ ಎಂಬ ವಿಷ. ತೇವಾಂಶ 10.5ರಿಂದ 11ರೊಳಗೆ ಇದ್ದರೆ ಈ ಮಳೆ ಬರುವುದು ಅಪರೂಪ. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು: 9ಕ್ಕೆ ಒಣಗಿಸಿದರೆ ಸಿಪ್ಪೆ ತೆಗೆಯುವಾಗ ಬೀಜ ಒಡೆದು ಬಿಟ್ಸ್ ಜಾಸ್ತಿಯಾಗುತ್ತದೆ, ತೂಕವೂ ಹೋಯಿತು.

ಚಿಕ್ಕಮಗಳೂರು, ಹಾಸನ ಎರಡೂ ಕಡೆ ಕ್ಯೂರಿಂಗ್ ವರ್ಕ್ಸ್‌ಗಳಿವೆ. ಲಾಟ್ ಕೊಡುವಾಗ ಮೂರು ವಿಷಯ ಬರಹದಲ್ಲಿ ಇರಲಿ. ಒಂದು, ನಿಮ್ಮ ಲಾಟನ್ನು ಬೇರೆಯವರದರ ಜೊತೆ ಬೆರೆಸದೆ ಪ್ರತ್ಯೇಕವಾಗಿ ಓಡಿಸಬೇಕು. ಹಿಂದಿನ ಲಾಟಿನ ರೊಬಸ್ಟಾ ಹಾಪರ್‌ನಲ್ಲಿ ಉಳಿದಿದ್ದರೆ ನಿಮ್ಮ ಪ್ಲಾಂಟೇಷನ್ ಎ ಒಳಗೆ ಕಾಣಿಸಿಕೊಳ್ಳುತ್ತದೆ. ಎರಡು, ಜರಡಿ ಯಾವುದು? 17ನೇ ನಂಬರ್ ಅಂದರೆ ಒಂದು ಇಂಚಿನ 64 ಭಾಗದಲ್ಲಿ 17 ಭಾಗದಷ್ಟು ಅಗಲದ ತೂತು, ಹೆಚ್ಚು ಕಡಿಮೆ 6.7 ಮಿ.ಮೀ. ಎ ದರ್ಜೆಗೆ ಇದರ ಮೇಲೆ ನೂರಕ್ಕೆ 90 ಪಾಲು ನಿಲ್ಲಬೇಕು ಎಂದು ಒಪ್ಪಂದದಲ್ಲೂ ಅದೇ ಅಂಕಿ ಹಾಕಿ. ಮೂರು, ಯಂತ್ರದ ಕಲರ್ ಸಾರ್ಟಿಂಗ್ (ಬಣ್ಣ ನೋಡಿ ವಿಂಗಡಿಸುವುದು) ಆದ ಮೇಲೆ ಕೈ ಗಾರ್ಬಲಿಂಗ್ (ಕೈಯಲ್ಲಿ ಕೆಟ್ಟ ಕಾಳು ಆರಿಸುವುದು) ಬೇಕೇ ಬೇಡವೇ? ಯಂತ್ರ ಕಪ್ಪು ಕಾಳನ್ನು ಹಿಡಿಯುತ್ತದೆ, ಕಾಯಿಕೊರಕ ಕೊರೆದ ಸೂಜಿ ತೂತನ್ನು ಪ್ರತಿಸಲ ಹಿಡಿಯುವುದಿಲ್ಲ. ಗಹ್ವಾದವನಿಗೆ ಕೈ ಗಾರ್ಬಲಿಂಗ್ ಮಾಡಿಸಿ. ಕೂಲಿ ಖರ್ಚು ಬೆಲೆಯಲ್ಲಿ ವಾಪಸು ಬರುತ್ತದೆ.

ಕೊನೆಗೆ ಬಲ್ಕಿಂಗ್, ಅಂದರೆ ಎಲ್ಲ ತೋಟದ್ದನ್ನೂ ಒಂದೇ ರಾಶಿಯಾಗಿ ಬೆರೆಸುವುದು. 320 ಮೂಟೆಯೂ ಒಂದೇ ಕಾಫಿ ಆಗಿರಬೇಕು. ಹತ್ತು ತೋಟದ ಕಾಫಿಯನ್ನು ಹತ್ತು ರಾಶಿಯಾಗಿ ಮೂಟೆ ಕಟ್ಟಿ, ಮಾದರಿಯನ್ನು ಮಾತ್ರ ಒಳ್ಳೆಯ ರಾಶಿಯಿಂದ ತೆಗೆದು ಕಳಿಸುವುದು ರಫ್ತಿನಲ್ಲಿ ಜಗಳಕ್ಕೆ ಬೀಜ ಬಿತ್ತಿದ ಹಾಗೆ.

ಬೆಲೆ ಕಟ್ಟುವುದು

ಅರೇಬಿಕಾ ಬೆಲೆ ನ್ಯೂಯಾರ್ಕ್ ವಾಯಿದೆ ಪೇಟೆಯನ್ನು ಹಿಡಿದುಕೊಂಡಿದೆ, ಒಂದು ಪೌಂಡಿಗೆ ಇಷ್ಟು ಸೆಂಟ್ ಎಂದು. ರೊಬಸ್ಟಾ ಲಂಡನ್‌ನದು, ಟನ್ನಿಗೆ ಇಷ್ಟು ಡಾಲರ್ ಎಂದು. ಸೆಂಟನ್ನು 22.046ರಿಂದ ಗುಣಿಸಿದರೆ ಟನ್ನಿನ ಡಾಲರ್ ಸಿಗುತ್ತದೆ. ಉದಾಹರಣೆಗೆ ಪೌಂಡಿಗೆ 300 ಸೆಂಟ್ ಅಂದರೆ ಟನ್ನಿಗೆ ಸುಮಾರು 6,614 ಡಾಲರ್, ಒಂದು ಕಂಟೈನರ್‌ಗೆ 1.27 ಲಕ್ಷ ಡಾಲರ್ ಹತ್ತಿರ. ಇದರ ಮೇಲೆ ನಿಮ್ಮ ದರ್ಜೆಗೆ ತಕ್ಕ ಹೆಚ್ಚುವರಿ ಅಥವಾ ಕಡಿತ. ಪಾರ್ಚ್‌ಮೆಂಟನ್ನು ಇಂದಿನ ಬೆಲೆಗೆ ಕೊಂಡು, ನ್ಯೂಯಾರ್ಕ್ ಬೆಲೆಯನ್ನು ಮುಂದಿನ ತಿಂಗಳು ಗೊತ್ತುಮಾಡುವ ಒಪ್ಪಂದಕ್ಕೆ ಸಹಿ ಹಾಕಿದರೆ ಅದು ಕಾಫಿ ವ್ಯಾಪಾರವಲ್ಲ, ಜೂಜು. ಮೊದಲ ಮೂರು ನಾಲ್ಕು ಲೋಡ್‌ಗಳಿಗೆ ಸ್ಥಿರ ಬೆಲೆಯನ್ನೇ ಹೇಳಿ.

ದಿರ್ಹಂನಲ್ಲಿ ಕೊಡುತ್ತೇವೆ ಎಂದರೆ ಹೆದರಬೇಕಿಲ್ಲ. 1997ರಿಂದ ಒಂದು ಡಾಲರ್‌ಗೆ 3.6725 ದಿರ್ಹಂ ಎಂದು ಕಟ್ಟಿಹಾಕಿದ್ದಾರೆ. ಡಾಲರ್‌ನ ಏರಿಳಿತವೇ ದಿರ್ಹಂನ ಏರಿಳಿತ. 2023ರ ಜುಲೈನಲ್ಲಿ ಎರಡೂ ದೇಶಗಳ ಕೇಂದ್ರ ಬ್ಯಾಂಕುಗಳು ರೂಪಾಯಿ-ದಿರ್ಹಂ ವ್ಯವಹಾರಕ್ಕೆ ಒಪ್ಪಂದ ಮಾಡಿಕೊಂಡಿವೆ, ಹಾಗಾಗಿ ರೂಪಾಯಿಯಲ್ಲೇ ಇನ್‌ವಾಯ್ಸ್ ಮಾಡುವ ದಾರಿಯೂ ಇದೆ. ನಿಮ್ಮ ಶಾಖೆಯವರಿಗೆ ಆ ದಾರಿಯ ಅಭ್ಯಾಸವಿದೆಯೇ ಎಂದು ಮೊದಲು ಕೇಳಿಕೊಳ್ಳಿ.

ಒಪ್ಪಂದದಲ್ಲಿ ದರ್ಜೆ, ಜರಡಿ, ತೇವಾಂಶ, ದೋಷಗಳ ಸಂಖ್ಯೆ, ಬೆಳೆ ವರ್ಷ, ತೂಕ, ಮೂಟೆಯ ಬಗೆ, ಸಾಗಣೆಯ ತಿಂಗಳು, ಹಣದ ಷರತ್ತು ಇವೆಲ್ಲ ಇರುವುದು ಸರಿಯೇ. ಹೊಸಬರು ಬಿಟ್ಟುಬಿಡುವುದು ಎರಡು. ತೂಕ ಯಾವ ಕಡೆಯದು? ‘ಹಡಗಿಗೆ ಹತ್ತಿಸಿದ ತೂಕವೇ ಅಂತಿಮ, ಶೇ. 0.5ರವರೆಗಿನ ಕಡಿತ ಖರೀದಿದಾರನದು’ ಎಂದು ಬರೆಸಿ. ಇನ್ನೊಂದು, ಮಾದರಿಯ ಷರತ್ತು. ‘ಸಾಗಣೆಗೆ ಮುಂಚಿನ ಮಾದರಿ ಒಪ್ಪಿಗೆಯಾದರೆ ಮಾತ್ರ ವ್ಯಾಪಾರ’ ಎಂದಿದ್ದರೆ ಒಪ್ಪಿಗೆ ಹೇಳಲು ಅವನಿಗೆ ಇಷ್ಟೇ ದಿನ ಎಂಬ ಗಡುವನ್ನೂ ಹಾಕಿ. ಗಡುವು ಇಲ್ಲದಿದ್ದರೆ ಪೇಟೆ ಇಳಿಯುವ ತನಕ ನಿಮ್ಮ ಮಾದರಿ ಅವನ ಮೇಜಿನ ಮೇಲೆ ಪರಿಶೀಲನೆಯಲ್ಲೇ ಇರುತ್ತದೆ.

ಮೂಲದ ಪ್ರಮಾಣಪತ್ರ ಒಂದಲ್ಲ, ಮೂರು

ಅತಿ ಹೆಚ್ಚು ಗೊಂದಲ ಇರುವುದು ಇಲ್ಲಿ. ‘ಸರ್ಟಿಫಿಕೇಟ್ ಆಫ್ ಒರಿಜಿನ್ ಆಗಿದೆ’ ಎಂದು ಒಬ್ಬರು ಹೇಳಿದಾಗ ಯಾವುದು ಎಂದು ಕೇಳಿ.

ಒಂದು, ಕಾಫಿ ಬೋರ್ಡ್ ಕೊಡುವ ಐಸಿಒ (ಅಂತರರಾಷ್ಟ್ರೀಯ ಕಾಫಿ ಸಂಸ್ಥೆ) ಮೂಲ ಪ್ರಮಾಣಪತ್ರ. ಪ್ರತಿ ಲೋಡ್‌ಗೂ ರಫ್ತು ಪರ್ಮಿಟ್ ಜೊತೆಗೆ ಬೋರ್ಡಿನ ಆನ್‌ಲೈನ್ ವ್ಯವಸ್ಥೆಯಲ್ಲಿ ಅರ್ಜಿ ಹಾಕಬೇಕು. ಭಾರತದ ಗುರುತು ಸಂಖ್ಯೆ 14; ಮೂಟೆಯ ಮೇಲೆ 14, ಓರೆಗೆರೆ, ರಫ್ತುದಾರನ ಸಂಖ್ಯೆ, ಓರೆಗೆರೆ, ಲಾಟ್ ಸಂಖ್ಯೆ ಎಂದು ಅಚ್ಚು ಹಾಕುವುದು ಇದಕ್ಕೆ ಸೇರಿದ್ದು. ಈ ಪ್ರಮಾಣಪತ್ರದಿಂದ ಅಲ್ಲಿ ಒಂದು ಪೈಸೆಯ ಸುಂಕವೂ ಕಡಿಮೆಯಾಗುವುದಿಲ್ಲ.

ಎರಡು, ಭಾರತ ಮತ್ತು ಎಮಿರೇಟ್ಸ್ ನಡುವಿನ ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದ, ಸೆಪಾ, ಅದರ ಅಡಿಯ ರಿಯಾಯಿತಿ ಪ್ರಮಾಣಪತ್ರ. ಒಪ್ಪಂದಕ್ಕೆ ಸಹಿ ಬಿದ್ದದ್ದು 2022ರ ಫೆಬ್ರವರಿ 18ರಂದು, ಜಾರಿಗೆ ಬಂದದ್ದು ಅದೇ ವರ್ಷ ಮೇ 1ಕ್ಕೆ. ಕೊಲ್ಲಿ ದೇಶಗಳ ಸಾಮಾನ್ಯ ಆಮದು ಸುಂಕ ಶೇ. 5, ಒಪ್ಪಂದದ ಪಟ್ಟಿಯಲ್ಲಿರುವ ಸರಕಿಗೆ ಅದು ಇಳಿಯುತ್ತದೆ ಅಥವಾ ಇಲ್ಲವಾಗುತ್ತದೆ. ಕಸ್ಟಮ್ಸ್ ಸುಂಕಪಟ್ಟಿಯಲ್ಲಿ ಹುರಿಯದ ಕಾಫಿಯ ಶೀರ್ಷಿಕೆ 0901.11, ಹುರಿದದ್ದು 0901.21. ನಿಮ್ಮ ಸಾಲಿಗೆ ಅಲ್ಲಿ ಈಗ ಎಷ್ಟು ಸುಂಕವಿದೆಯೆಂದು ಆಮದುದಾರನ ಕ್ಲಿಯರಿಂಗ್ ಏಜೆಂಟ್ ಒಂದು ನಿಮಿಷದಲ್ಲಿ ಹೇಳುತ್ತಾನೆ. ಆ ಸಾಲಿಗೆ ಸಾಮಾನ್ಯ ಸುಂಕವೇ ಸೊನ್ನೆ ಇದ್ದರೆ ಈ ಪ್ರಮಾಣಪತ್ರಕ್ಕಾಗಿ ಓಡಾಡಿ ಉಪಯೋಗವಿಲ್ಲ. ಸುಂಕ ಇದ್ದರೆ 1.27 ಲಕ್ಷ ಡಾಲರಿನ ಶೇ. 5 ಅಂದರೆ 6,350 ಡಾಲರ್, ಬೆಲೆ ಮಾತಾಡುವಾಗ ಅದರಲ್ಲಿ ನಿಮ್ಮ ಪಾಲನ್ನೂ ಕೇಳಿ. ಅರ್ಜಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಮೂಲ ಪ್ರಮಾಣಪತ್ರ ಪೋರ್ಟಲ್‌ನಲ್ಲಿ. ತೋಟದಲ್ಲಿ ಬೆಳೆದ ಕಾಫಿಗೆ ‘ಸಂಪೂರ್ಣವಾಗಿ ಇಲ್ಲಿಯೇ ಪಡೆದದ್ದು’ ಎಂಬ ಮಾನದಂಡ ಹಾಕಬೇಕು. ವಿಯೆಟ್ನಾಂ ಅಥವಾ ಉಗಾಂಡದ ರೊಬಸ್ಟಾ ಬೆರೆಸಿದ ಮಿಶ್ರಣಕ್ಕೆ ಈ ಮಾನದಂಡ ಸಲ್ಲುವುದಿಲ್ಲ. ಹಾಕಿದರೆ ಸುಳ್ಳು ಘೋಷಣೆಯಾಗುತ್ತದೆ.

ಮೂರು, ವಾಣಿಜ್ಯ ಮಂಡಳಿ ಕೊಡುವ ರಿಯಾಯಿತಿರಹಿತ ಪ್ರಮಾಣಪತ್ರ. ಸರಕು ಭಾರತದ್ದು ಎನ್ನುವುದಷ್ಟೇ ಅದರ ಕೆಲಸ. ಕೆಲವು ಎಲ್‌ಸಿಗಳು (ಖರೀದಿದಾರನ ಬ್ಯಾಂಕ್ ಹಣ ಕೊಡುವ ಭರವಸೆಯ ಪತ್ರ) ಇದನ್ನೇ ಹೆಸರಿಸಿ ಕೇಳುತ್ತವೆ. ಎಲ್‌ಸಿ ಕೇಳಿದ್ದು ಇದಾದರೆ ಐಸಿಒ ಪ್ರಮಾಣಪತ್ರ ಕೊಟ್ಟು ‘ಇದೂ ಒರಿಜಿನ್ನೇ ಅಲ್ಲವೇ’ ಎಂದು ಬ್ಯಾಂಕಿನವರ ಹತ್ತಿರ ವಾದ ಮಾಡಿ ಫಲವಿಲ್ಲ.

ಇವಲ್ಲದೆ ಸಸ್ಯ ಆರೋಗ್ಯ ಪ್ರಮಾಣಪತ್ರ, ಅಂದರೆ ಫೈಟೋ, ಮತ್ತು ಧೂಮೀಕರಣ ಪತ್ರ. ಮೀಥೈಲ್ ಬ್ರೋಮೈಡ್ ಆದರೆ ಒಂದು ದಿನದಲ್ಲಿ ಮುಗಿಯುತ್ತದೆ, ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯಾದರೆ ಹಲವು ದಿನ ಬೇಕು. ಹಡಗಿನ ದಿನದಿಂದ ಹಿಂದಕ್ಕೆ ಎಣಿಸಿ ಆರಿಸಿಕೊಳ್ಳಿ. ಮರದ ಪ್ಯಾಲೆಟ್ ಬಳಸಿದರೆ ಐಎಸ್‌ಪಿಎಂ-15 ಮುದ್ರೆ (ಮರವನ್ನು ಕೀಟಮುಕ್ತಗೊಳಿಸಿದ ಗುರುತು) ಇರಲೇಬೇಕು.

ಹಣ ಬರುವ ದಾರಿ

ಮುಂಗಡ ಸ್ವಲ್ಪ, ಮಿಕ್ಕದ್ದು ಬಿ.ಎಲ್. (ಸರಕಿನ ಮೇಲೆ ಹಕ್ಕು ಕೊಡುವ ಹಡಗು ಕಂಪನಿಯ ರಸೀದಿ) ಪ್ರತಿ ತೋರಿಸಿದ ಮೇಲೆ, ಮೂಲ ಕಾಗದ ಹಣ ಬಂದ ಮೇಲೆ: ಸಣ್ಣ ಲೋಡ್‌ಗೆ ಇದು ಸರಳ. ಪೂರ್ತಿ ಕಂಟೈನರ್‌ಗೆ, ಪರಿಚಯವಿಲ್ಲದ ಗಿರಾಕಿಗೆ, ರದ್ದು ಮಾಡಲಾಗದ ಎಲ್‌ಸಿ ಕೇಳಿ. ಅಲ್ಲಿನವರು ಮುಂದಿನ ದಿನಾಂಕದ ಚೆಕ್ ಕೊಡುವ ಅಭ್ಯಾಸದವರು. 2022ರ ಜನವರಿಯಿಂದ ಅಲ್ಲಿ ಹಣವಿಲ್ಲದ ಚೆಕ್ ಬಹುಮಟ್ಟಿಗೆ ಕ್ರಿಮಿನಲ್ ಅಪರಾಧವಾಗಿ ಉಳಿದಿಲ್ಲ. ಚೆಕ್ಕಿಗಿಂತ ಸರ್ಕಾರಿ ರಫ್ತು ವಿಮಾ ಕಂಪನಿಯಾದ ಇಸಿಜಿಸಿಯ ರಕ್ಷಣೆ ಗಟ್ಟಿ. ಆ ಖರೀದಿದಾರನ ಮೇಲೆ ಅವರು ಎಷ್ಟು ಮಿತಿ ಕೊಡುತ್ತಾರೆ ಎನ್ನುವುದೇ ಅವನ ಯೋಗ್ಯತೆಯ ಬಗ್ಗೆ ಸಿಗುವ ಮೊದಲ ಸುಳಿವು.

ಎಲ್‌ಸಿ ಬಂದ ದಿನವೇ ಕೂತು ಓದಿ. ಎಲ್‌ಸಿಗಳಿಗೆ ಅನ್ವಯಿಸುವ ಅಂತರರಾಷ್ಟ್ರೀಯ ನಿಯಮಾವಳಿಯಾದ ಯುಸಿಪಿ 600ರ ಪ್ರಕಾರ ಬೇರೆ ಗಡುವು ಹೇಳದಿದ್ದರೆ ಸಾಗಣೆಯಾದ 21 ದಿನದೊಳಗೆ ಕಾಗದ ಸಲ್ಲಿಸಬೇಕು. ತೂಕದಲ್ಲಿ ಶೇ. 5 ಹೆಚ್ಚು ಕಡಿಮೆಗೆ ಅವಕಾಶವಿದೆ, ಆದರೆ ಎಲ್‌ಸಿ ಪ್ರಮಾಣವನ್ನು ‘320 ಮೂಟೆ’ ಎಂದು ಎಣಿಕೆಯಲ್ಲಿ ಹೇಳಿದ್ದರೆ ಆ ಅವಕಾಶ ಹೋಯಿತು. ಒಂದು ಮೂಟೆ ಹರಿದು 319 ಹೋದರೂ ತಕರಾರು. ವಿಮಾ ಪತ್ರದ ದಿನಾಂಕ ಸಾಗಣೆಯ ದಿನಾಂಕಕ್ಕಿಂತ ಈಚಿನದಾಗಿರಬಾರದು. ಎಲ್‌ಸಿಯಲ್ಲಿ ಖರೀದಿದಾರ ಸಹಿ ಮಾಡಿದ ತಪಾಸಣಾ ಪತ್ರ ಕೇಳಿದ್ದರೆ ತೆಗೆಸಿಹಾಕಿ. ಅದಿದ್ದರೆ ಎಲ್‌ಸಿಯ ಬೀಗದ ಕೈ ಅವನ ಜೇಬಿನಲ್ಲೇ ಇದ್ದಂತೆ.

ಸಿಐಎಫ್ ಬೆಲೆ (ಸರಕು, ವಿಮೆ, ಹಡಗು ಬಾಡಿಗೆ ಸೇರಿದ್ದು) ಕೊಟ್ಟರೆ ವಿಮೆ ನಿಮ್ಮದು, ಇನ್‌ವಾಯ್ಸ್ ಮೊತ್ತದ ಶೇ. 110ಕ್ಕೆ. ಅಂತರರಾಷ್ಟ್ರೀಯ ವ್ಯಾಪಾರ ಷರತ್ತುಗಳ ನಿಯಮಾವಳಿಯಾದ ಇನ್‌ಕೋಟರ್ಮ್ಸ್ 2020 ಕೇಳುವುದು ಕನಿಷ್ಠ ಸಿ ವರ್ಗದ, ಅಂದರೆ ಅತಿ ಕಡಿಮೆ ರಕ್ಷಣೆಯ, ವಿಮೆ. ಅದು ಕಂಟೈನರ್ ಬೆವರಿನ ನಷ್ಟವನ್ನು ಕಟ್ಟಿಕೊಡುವುದಿಲ್ಲ, ಅತಿ ಹೆಚ್ಚು ರಕ್ಷಣೆಯ ಎ ವರ್ಗವನ್ನೇ ತೆಗೆದುಕೊಳ್ಳಿ. ಯುದ್ಧದ ಅಪಾಯ ಎ ವರ್ಗದಲ್ಲೂ ಇಲ್ಲ, ಪ್ರತ್ಯೇಕವಾಗಿ ಸೇರಿಸಬೇಕು. ಜೆಬೆಲ್ ಅಲಿ ಇರುವುದು ಹಾರ್ಮುಜ್ ಜಲಸಂಧಿಯ ಒಳಗೆ. ತೈಲದ ಹಡಗುಗಳು ಹೊರಬರುವ ಅದೇ ಇಕ್ಕಟ್ಟಿನ ಬಾಗಿಲಲ್ಲಿ ನಮ್ಮ ಕಾಫಿ ಒಳಹೋಗಬೇಕು. ಆ ಕಡೆ ಗಡಿಬಿಡಿಯಾದಾಗ ಹಡಗು ಕಂಪನಿಗಳು ಹೆಚ್ಚುವರಿ ಶುಲ್ಕ ಹಾಕುತ್ತವೆ. ಖೋರ್ ಫಕ್ಕನ್, ಫುಜೈರಾ ಬಂದರುಗಳು ಜಲಸಂಧಿಯ ಹೊರಗಿವೆ. ಹೆಚ್ಚುವರಿ ಶುಲ್ಕ ಯಾರ ತಲೆಗೆ, ಬಂದರು ಬದಲಾದರೆ ರಸ್ತೆ ಸಾಗಣೆ ಯಾರದು ಎಂದು ಒಪ್ಪಂದದಲ್ಲಿ ಒಂದು ಸಾಲು ಇರಲಿ.

ಗೋಣಿ, ಪೆಟ್ಟಿಗೆ, ಘಾಟಿ

ಗೋಣಿಚೀಲ ಹೊಸದಾಗಿರಬೇಕು, ಸೆಣಬನ್ನು ಮೆದುಗೊಳಿಸಲು ಸಸ್ಯಜನ್ಯ ಎಣ್ಣೆ ಬಳಸಿದ್ದಾಗಿರಬೇಕು. ಖನಿಜ ತೈಲ ಬಳಸಿದ ಗೋಣಿಯ ವಾಸನೆ ಬೀಜಕ್ಕೆ ಹತ್ತುತ್ತದೆ. ತೈಲದ ನಾಡಿಗೆ ಹೋದ ಕಾಫಿಯಲ್ಲಿ ಸೀಮೆಎಣ್ಣೆ ಘಾಟು ಬಂದರೆ ಅಲ್ಲಿ ಯಾರೂ ನಗುವುದಿಲ್ಲ. ಸ್ಪೆಷಾಲಿಟಿ ಲಾಟ್ ಆದರೆ ಗೋಣಿಯೊಳಗೆ ಗಾಳಿಯಾಡದ ಪ್ಲಾಸ್ಟಿಕ್ ಲೈನರ್ ಹಾಕಿ.

ಖಾಲಿ ಕಂಟೈನರ್ ಬಂದಾಗ ಒಬ್ಬರು ಒಳಗೆ ನಿಂತು ಬಾಗಿಲು ಮುಚ್ಚಿಸಿ. ಎಲ್ಲಾದರೂ ಬೆಳಕಿನ ಚುಕ್ಕಿ ಕಂಡರೆ ಅಲ್ಲಿ ನೀರೂ ಬರುತ್ತದೆ. ನೆಲದ ಹಲಗೆಗೆ ಮೂಗು ಹಿಡಿದು ನೋಡಿ. ಮೀನಿನಪುಡಿ, ರಾಸಾಯನಿಕ, ಚರ್ಮದ ವಾಸನೆ ಇದ್ದರೆ ಮುಲಾಜಿಲ್ಲದೆ ವಾಪಸು ಕಳಿಸಿ. ನೆಲ, ಗೋಡೆ, ಚಾವಣಿಗೆ ಕ್ರಾಫ್ಟ್ ಕಾಗದ ಕಟ್ಟಿ, ತೇವ ಹೀರುವ ಚೀಲಗಳನ್ನು ತೂಗುಹಾಕಿ, ಮೇಲಿನ ಸಾಲಿನ ಮೇಲೆ ರಟ್ಟು ಹಾಸಿ. ಮಳೆ ಬರುತ್ತಿರುವಾಗ ತುಂಬುವುದನ್ನು ನಿಲ್ಲಿಸಿ, ಲಾರಿ ಬಾಡಿಗೆ ಒಂದು ದಿನ ಹೆಚ್ಚಾದರೂ ಸರಿ. 2016ರ ಜುಲೈ 1ರಿಂದ ತುಂಬಿದ ಕಂಟೈನರಿನ ದೃಢೀಕೃತ ಒಟ್ಟು ತೂಕ ಕೊಡದೆ ಯಾವ ಹಡಗೂ ಪೆಟ್ಟಿಗೆ ಹತ್ತಿಸಿಕೊಳ್ಳುವುದಿಲ್ಲ. ಕಾಫಿ 19.2 ಟನ್, ಗೋಣಿ ಕಾಲು ಟನ್ ಸುಮಾರು, ಪೆಟ್ಟಿಗೆ ಎರಡು ಕಾಲು ಟನ್, 21.7 ಟನ್ ಹತ್ತಿರ ಬರದಿದ್ದರೆ ಎಲ್ಲೋ ಎಣಿಕೆ ತಪ್ಪಿದೆ.

ಈಗ ದಾರಿ. ಚಿಕ್ಕಮಗಳೂರಿನಿಂದ ನಕ್ಷೆಯಲ್ಲಿ ಹತ್ತಿರ ಕಾಣುವುದು ಚಾರ್ಮಾಡಿ, ಆದರೆ ಅಲ್ಲಿ ಭಾರಿ ವಾಹನಗಳಿಗೆ ನಿರ್ಬಂಧವಿದೆ. ಕಂಟೈನರ್ ಬೇಲೂರು ಅಥವಾ ಹಾಸನ ಮಾರ್ಗವಾಗಿ ಸಕಲೇಶಪುರಕ್ಕೆ ಬಂದು, ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಶಿರಾಡಿ ಘಾಟಿ ಇಳಿದು ಪಣಂಬೂರಿನ ನವ ಮಂಗಳೂರು ಬಂದರು ಸೇರಬೇಕು. ಮಳೆಗಾಲದಲ್ಲಿ ದೋಣಿಗಲ್ ಹತ್ತಿರ ಗುಡ್ಡ ಕುಸಿದರೆ ಶಿರಾಡಿಯೂ ಮುಚ್ಚುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂದರಿನ ಗೇಟ್ ಮುಚ್ಚುವ ಸಮಯಕ್ಕಿಂತ ಕನಿಷ್ಠ ಮೂರು ದಿನ ಮೊದಲು ಹೊರಡಿ. ಜಾಣರು ಈ ತಾಪತ್ರಯವೇ ಬೇಡವೆಂದು ಮೇ ಒಳಗೆ ಮುಗಿಸುತ್ತಾರೆ. ಮಳೆ ಹಿಡಿದ ಮೇಲೆ ಗೋದಾಮಿನಲ್ಲಿರುವ ಕಾಫಿ ತೇವ ಎಳೆದು ಬಿಳಿಚಿಕೊಳ್ಳುತ್ತದೆ, ಅದೊಂದು ನಷ್ಟ ಬೇರೆ.

ಶಿಪ್ಪಿಂಗ್ ಬಿಲ್ ಸಲ್ಲಿಸುವಾಗ ರೋಡ್‌ಟೆಪ್ (ರಫ್ತು ಸರಕಿನ ಮೇಲೆ ಬಿದ್ದ ತೆರಿಗೆ ಹಿಂದಿರುಗಿಸುವ) ಸೌಲಭ್ಯ ಬೇಕು ಎಂಬ ಘೋಷಣೆಯನ್ನು ಏಜೆಂಟ್ ಸೇರಿಸಿದ್ದಾನೆಯೇ ನೋಡಿ. ಆಮೇಲೆ ನೆನಪಾದರೆ ತಿದ್ದಿಸುವುದು ದೊಡ್ಡ ರಾಮಾಯಣ. ಬಿ.ಎಲ್. ಕರಡು ಬಂದಾಗ ಮೂಟೆ ಸಂಖ್ಯೆ, ತೂಕ, ಸರಕಿನ ವಿವರ, ಖರೀದಿದಾರನ ಹೆಸರಿನ ಅಕ್ಷರಗಳು ಎಲ್‌ಸಿಯಲ್ಲಿ ಇರುವಂತೆಯೇ ಇವೆಯೇ ಎಂದು ಬೆರಳಿಟ್ಟು ಓದಿ. ಹಣ ಕೈಸೇರುವ ಮುಂಚೆ ಬಿ.ಎಲ್. ಅನ್ನು ನೇರವಾಗಿ ಖರೀದಿದಾರನ ಹೆಸರಿಗೆ ಮಾಡಿಸಬೇಡಿ, ‘ಆರ್ಡರ್’ ಎಂದು, ಅಂದರೆ ಹಿಂಬದಿಯ ಸಹಿಯಿಂದ ವರ್ಗಾಯಿಸುವಂತೆ, ಮಾಡಿಸಿ.

ಕಡಲಾಚೆ ಏನಾಗುತ್ತದೆ

ಅಲ್ಲಿನ ಕೆಲಸ ಆಮದುದಾರನದು, ಆದರೆ ನಿಮ್ಮ ಕಾಗದದ ತಪ್ಪು ಅಲ್ಲಿ ದಂಡವಾಗುತ್ತದೆ. 2023ರ ಫೆಬ್ರವರಿ 1ರಿಂದ 10,000 ದಿರ್ಹಂ ಅಥವಾ ಹೆಚ್ಚಿನ ಇನ್‌ವಾಯ್ಸ್‌ಗೆ ಅಲ್ಲಿನ ವಿದೇಶಾಂಗ ಸಚಿವಾಲಯದ ದೃಢೀಕರಣ ಬೇಕು, ಪ್ರತಿ ಇನ್‌ವಾಯ್ಸ್‌ಗೆ 150 ದಿರ್ಹಂ, 14 ದಿನದ ಗಡುವು. ಒಂದು ಲೋಡ್‌ಗೆ ಐದು ಇನ್‌ವಾಯ್ಸ್ ಮಾಡಿದರೆ ಐದು ಸಲ ಶುಲ್ಕ, ಒಂದೇ ಮಾಡಿ. ಮುಕ್ತ ವಲಯದೊಳಗೆ ಸರಕು ಉಳಿದರೆ ಸುಂಕವಿಲ್ಲ, ಅಲ್ಲಿಂದ ದೇಶದೊಳಗೆ ಹೋಗುವಾಗ ಬೀಳುತ್ತದೆ. ಜೊತೆಗೆ 2018ರಿಂದ ಶೇ. 5 ವ್ಯಾಟ್. 2022ರಿಂದ ಅಲ್ಲಿನ ಸರ್ಕಾರಿ ಕಚೇರಿಗಳಿಗೆ ಶನಿವಾರ, ಭಾನುವಾರ ರಜೆ, ಶುಕ್ರವಾರ ಅರ್ಧ ದಿನ. ಶಾರ್ಜಾದಲ್ಲಿ ಶುಕ್ರವಾರವೂ ಪೂರ್ತಿ ರಜೆ. ಕಾಗದದ ಕೊರಿಯರ್ ಗುರುವಾರ ಸಂಜೆ ತಲುಪಿದರೆ ನಾಲ್ಕು ದಿನ ಹೋಯಿತೆಂದೇ ತಿಳಿಯಿರಿ. ರಂಜಾನ್ ತಿಂಗಳಲ್ಲಿ ಕಾಫಿ ಖರ್ಚಾಗುವುದು ಜಾಸ್ತಿ, ಕಚೇರಿ ನಡೆಯುವುದು ಕಡಿಮೆ ಹೊತ್ತು. ಆದ್ದರಿಂದ ಸರಕು ರಂಜಾನ್‌ಗೆ ಒಂದು ತಿಂಗಳ ಮೊದಲೇ ಅಲ್ಲಿರಬೇಕು.

ಹುರಿದ ಪುಡಿ, ಪ್ಯಾಕೆಟ್ ಕಳಿಸುವವರಿಗೆ ದಾರಿ ಬೇರೆ. ಪ್ಯಾಕೆಟ್‌ನ ಲೇಬಲ್ ಅರಬ್ಬಿಯಲ್ಲಿರಬೇಕು, ತಯಾರಿಕೆಯ ಮತ್ತು ಅವಧಿ ಮುಗಿಯುವ ದಿನಾಂಕ ಪ್ಯಾಕೆಟ್ ಮೇಲೆಯೇ ಅಚ್ಚಾಗಿರಬೇಕು, ಅಂಟಿಸಿದ ಚೀಟಿ ನಡೆಯುವುದಿಲ್ಲ. ಲೇಬಲ್ ವಿನ್ಯಾಸವನ್ನು ಆಮದುದಾರ ದುಬೈ ಪುರಸಭೆಯಲ್ಲಿ ನೋಂದಾಯಿಸಿದ ಮೇಲೆಯೇ ಮುದ್ರಣಕ್ಕೆ ಕೊಡಿ. ಸಾವಿರಗಟ್ಟಲೆ ಕವರ್ ಅಚ್ಚು ಹಾಕಿಸಿ ಆಮೇಲೆ ಒಪ್ಪಿಗೆ ಕೇಳುವವರೇ ಹೆಚ್ಚು. ಚಿಕೋರಿ ಬೆರೆಸಿದ್ದರೆ ಎಷ್ಟು ಪಾಲು ಎಂದು ಲೇಬಲ್‌ನಲ್ಲಿ ಬರೆಯಿರಿ, ಶೀರ್ಷಿಕೆಯೂ ಬದಲಾಗುತ್ತದೆ, 0901.21ರಲ್ಲಿ ತೋರಿಸಬೇಡಿ. ಮೊದಲ ಪ್ರಯೋಗಕ್ಕೆ ಬೆಂಗಳೂರು ವಿಮಾನ ನಿಲ್ದಾಣದಿಂದ ಕೆಲವು ನೂರು ಕಿಲೋ ಸಾಕು. ವಿಮಾನ ಬಾಡಿಗೆ ಕಿಲೋಗೆ ಹೆಚ್ಚು ಬಿದ್ದರೂ, ಮಾರದೆ ಉಳಿದ ಕಂಟೈನರ್‌ಗಿಂತ ಅಗ್ಗ.

ಹಣ ಬಂದ ಮೇಲೆ ಬ್ಯಾಂಕಿನ ಒಳಬರುವ ಹಣದ ವಿವರವನ್ನು ಶಿಪ್ಪಿಂಗ್ ಬಿಲ್ ಸಂಖ್ಯೆಗೆ ಜೋಡಿಸಿ ಇ-ಬಿಆರ್‌ಸಿ (ರಫ್ತಿನ ಹಣ ಬಂದದ್ದಕ್ಕೆ ದೃಢೀಕರಣ ಪತ್ರ) ಮಾಡಿಸಿಕೊಳ್ಳಿ. ರಿಸರ್ವ್ ಬ್ಯಾಂಕ್ ಗೊತ್ತುಮಾಡಿದ ಅವಧಿಯೊಳಗೆ ಪೂರ್ತಿ ಹಣ ಬಂದಿರಬೇಕು. ಖರೀದಿದಾರ ಗುಣಮಟ್ಟದ ನೆಪದಲ್ಲಿ ಸ್ವಲ್ಪ ಹಿಡಿದುಕೊಂಡಿದ್ದರೆ ಆ ಕಡಿತಕ್ಕೂ ಬ್ಯಾಂಕಿನ ಒಪ್ಪಿಗೆ ಬರಹದಲ್ಲಿ ಇರಲಿ. ಅಂಥ ನೆಪ ಬಂದಾಗ ಕೈಹಿಡಿಯುವುದು ಒಂದೇ: ಕಂಟೈನರ್ ತುಂಬುವ ದಿನ ಪ್ರತಿ ಹತ್ತನೇ ಮೂಟೆಗೆ ಬೋರ್ (ಮಾದರಿ ತೆಗೆಯುವ ಕೊಳವೆ) ಹಾಕಿ ತೆಗೆದು, ಬೆರೆಸಿ, ಕ್ಯೂರಿಂಗ್‌ನವರ ಸಹಿಯೊಂದಿಗೆ ಅರಗು ಹಾಕಿ ಮೊಹರು ಮಾಡಿದ ಒಂದು ಕಿಲೋ ಮಾದರಿ. ಅದನ್ನು ಗಾಳಿಯಾಡದ ಡಬ್ಬಿಯಲ್ಲಿ, ಲಾಟ್ ಸಂಖ್ಯೆ ಮತ್ತು ತೇವಾಂಶ ಬರೆದು, ಕೊನೆಯ ಪೈಸೆ ಜಮಾ ಆಗುವವರೆಗೆ ತಂಪಾದ ಕಡೆ ಇಟ್ಟಿರಿ.